ಅನುಕೂಲ

ಫಾರಮು ಮಲಯಾಳದಲ್ಲಿತ್ತು.
ಪಂಚಾಯತಿನಿಂದ ಕೊಟ್ಟದ್ದು, ಮನೆಗೊಂದು,
ತುಂಬಿಸಿ ತಂದರೆ ಹದಿನೈದು ರೂಪಾಯಿ.
ಏಳನೆಯ ಪ್ರಶ್ನೆ: ಗುಂಪೆ ಗುಡ್ಡೆಗೆ ಪ್ರವಾಸಿಗಳು ಬರುವುದನ್ನು
ನೀವು ಅನುಕೂಲಿಕ್ಕುನ್ನುಂಡೋ?
ಒಂದರಿಂದ ಐದರೊಳಗೆ ಗುರುತು ಹಾಕಿ.

ಆ ಭಾಷೆಯಲ್ಲಿ ಅದಕ್ಕೆ ಬೆಂಬಲ ಉಂಟೋ ಎಂದರ್ಥ.
ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ಮಾತು
ಚಪ್ಪಲಿ ಕಳಚಿ ಬೇರೆಯೇ ಆಗುತ್ತದೆ.
“ಅನುಕೂಲವೋ?” ಎಂದರು ಐತ್ತಪ್ಪಣ್ಣ. “ಅನುಕೂಲವೇ ಮಾರಾಯ್ತಿ,
ಭಾನುವಾರ ಜೀಪಿಗೆ ಆರು ಟ್ರಿಪ್ಪು. ಐದು ಬರಿ.”
ಬಾಗಿಲ ಸಂದಿನಿಂದ ಅವರ ಹೆಂಡತಿ:
“ಆ ಡೀಸೆಲಿನ ವಾಸನೆ ಒಗೆಯುವವಳು ನಾನು. ಮೂರು ಸಾಕು.”
ಒಂದು ಮನೆಗೆ ಒಂದೇ ಚೌಕ. ನಾಲ್ಕು ಬರೆದೆ.

ಬೀಫಾತಿಮ್ಮ ತಿರುವಿನಲ್ಲಿ ನೈಪತ್ತಲ್ ಮಾರುತ್ತಾರೆ,
ಮಗಳ ನರ್ಸಿಂಗಿನ ಫೀಸು ಅದರಲ್ಲೇ ಕಟ್ಟಿದ್ದು.
ಆದರೂ ಪೆನ್ನನ್ನು ತುಂಬ ಹೊತ್ತು ಹಿಡಿದರು.
ಹಗ್ಗದಲ್ಲಿ ಒಣಗುವ ಬಟ್ಟೆಯ ಫೋಟೊ ತೆಗೆದು
ಚಂದ ಉಂಟು ಅಂದನಂತೆ ಒಬ್ಬ ಹುಡುಗ.
“ಹಣಕ್ಕೆ ಐದು. ಅದಕ್ಕೆ ಎಷ್ಟು, ನೀನೇ ಹೇಳು.”

ಸೆವ್ರಿನ್ ಬಾಯಿಗೆ ಬಾಟಲಿ ಒಡೆಯುವ ಸದ್ದೆಂದರೆ ಆಗದು,
ಆದರೆ ಜನ ಬರತೊಡಗಿದ ಮೇಲೆಯೇ
ಕೊನೆಯ ಬಸ್ಸು ಏಳು ಗಂಟೆಗೆ ಆದದ್ದು;
ಡಯಾಲಿಸಿಸ್ ಮುಗಿಸಿ ಗಂಡ ಬರುವುದು ಅದರಲ್ಲೇ.
ಐದು ಬರೆಸಿದರು, ಶಪಿಸುತ್ತ.

ಮತ್ತೆ ಚನಿಯಜ್ಜ. ಸುರಂಗ ತೋಡಿದ ಕೈ,
ಮುರಕಲ್ಲಿನೊಳಗೆ ಎಪ್ಪತ್ತು ಕೋಲು ನಡೆದು
ನೀರನ್ನು ಕಿವಿಯಿಂದ ಹುಡುಕಿದವರು.
ಈಗ ಟಾರ್ಚು ಹಿಡಿದವರು ಒಳಹೊಕ್ಕು ಕೂಗಿ ನೋಡುತ್ತಾರೆ,
ರಿಸಾರ್ಟಿನವರು ಪೈಪಿಗೆ ಅಳತೆ ತೆಗೆದುಕೊಂಡು ಹೋಗಿದ್ದಾರೆ.
ಒಂದೇ ಇರಬೇಕು ಅಂದುಕೊಂಡು
ಪೆನ್ನಿನ ಮುಚ್ಚಳ ತೆಗೆದೆ.

“ಬೋರ್ಡು ನೆಡುವಾಗ ಕೇಳಲಿಲ್ಲ,
ಗೇಟು ಹಾಕುವಾಗ ಕೇಳಲಿಲ್ಲ.
ಇವತ್ತು ನೀನು ಬೆವರು ಒರೆಸಿಕೊಂಡು ಕೂತು ಕೇಳಿದೆ.
ಕೇಳಿದ್ದಕ್ಕೆ ಎರಡು ಬರಿ.
ನೀರಿಗೆ ಕೈ ಹಾಕದಿದ್ದರೆ ಮತ್ತೊಂದು ಸೇರಿಸುವ.”

ಮೂವತ್ತೊಂದು ಫಾರಮು, ನಾನೂರ ಅರುವತ್ತೈದು ರೂಪಾಯಿ.
ಮೂವತ್ತೆರಡನೆಯದು ನನ್ನದೇ ಮನೆಯದು,
ಚೀಲದಲ್ಲಿ ಮಡಚಿದ ಹಾಗೆಯೇ ಇದೆ.
ಇಳಿಯುವಾಗ ಒಂದು ಕಾರು ಗಾಜು ಇಳಿಸಿ
ಮೇಲಿನ ದಾರಿ ಕೇಳಿತು, ಮಂಗಳೂರಿನ ಕನ್ನಡ.
ಕೈ ತೋರಿಸಿ ಹೇಳಿದೆ: ಬಲಕ್ಕೆ, ಆಮೇಲೆ ನೇರ.
ಸುರಂಗದ ಕಡೆಯ ಅಡ್ಡದಾರಿಯೊಂದನ್ನು
ಹೇಳದೆ ಬಿಟ್ಟೆ.