ಎರಡು–ಮೂರು

ಮುಂದೆ ಇಬ್ಬರು, ಹಿಂದೆ ಮೂವರು.
ಕೈ ಚಾಚಿ ನಿಂತರೆ ಮೈಸೂರಿನವರು
ಬೇಲಿಗೂಟ ನೆಟ್ಟ ಹಾಗೆ,
ಗೂಟದ ನೆರಳು ಗೂಟಕ್ಕೆ ತಾಗುವ ಹಾಗೆ.
ಒಬ್ಬೊಬ್ಬಳೂ ನನಗಿಂತ ಒಂದು ಗೇಣು ಎತ್ತರ.
ಮೊದಲ ಎಂಟು ನಿಮಿಷಕ್ಕೆ ನಮ್ಮದು ನಾಲ್ಕೇ ಪಾಯಿಂಟು,
ಅದರಲ್ಲೂ ಎರಡು ಫ್ರೀ ಥ್ರೋ.

ಸಂಜೆ ಐದಾದರೂ ಮಂಡ್ಯದ ಸಿಮೆಂಟು ಕಾದೇ ಇತ್ತು.
ಫ್ಯಾಕ್ಟರಿ ಕಡೆಯಿಂದ ಕಾಕಂಬಿಯ ವಾಸನೆ.
ನಮಗದು ಗೊತ್ತಾಗುವುದಿಲ್ಲ;
ಅವರು ಮೂಗು ಮುಚ್ಚಿಕೊಂಡಾಗಲೇ ಗೊತ್ತಾಗಿದ್ದು.

ಟೈಮ್‌ಔಟು. ಚಿಕ್ಕಲಿಂಗಯ್ಯ ಸರ್ ಕೂಗಾಡಲಿಲ್ಲ.
ಐದು ಬಾಟಲಿ ಮುಚ್ಚಳ ನೆಲದ ಮೇಲಿಟ್ಟು ಹೇಳಿದರು:
"ಅವ್ರು ನಿಮ್ಮುನ್ ಕಾಯ್ತಾ ಇಲ್ಲ ಕಣ್ರವ್ವ,
ಜಾಗ ಕಾಯ್ತಾವ್ರೆ.
ನೀವ್ ಓಡುದ್ರೆ ಅವ್ರು ಓಡಲ್ಲ, ಚೆಂಡು ಓಡುದ್ರೆ ಓಡ್ತಾರೆ.
ಚೆಂಡಿಗೆ ಸುಸ್ತಿಲ್ಲ. ಅದುನ್ನ ಓಡುಸ್ರಿ."

ಜಾಗ ಕಾಯುವವರನ್ನು ನಾನು ಬಲ್ಲೆ.
ಕಾಲೇಜಿನಿಂದ ಮನೆಗೆ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ:
ಡೈರಿ ಮುಂದೆ ಕೂರುವವಳು ಸೇತುವೆಯ ತನಕ ನೋಡುತ್ತಾಳೆ,
ಸೇತುವೆಯಿಂದಾಚೆ ಪಂಕ್ಚರ್ ಅಂಗಡಿಯವನು,
ಅವನ ಗಡಿ ಮುಗಿದಲ್ಲಿ ಚಿಕ್ಕಮ್ಮನ ಜಗಲಿ.
ಯಾರೂ ಹಿಂದೆ ಬರುವುದಿಲ್ಲ. ಯಾರ ಕಾಲೂ ನೋಯುವುದಿಲ್ಲ.
'ಚಡ್ಡಿ ಹಾಕ್ಕೊಂಡ್ ಆಡ್ತಾಳಂತೆ' ಎಂಬ ಮಾತು
ಬಾಯಿಂದ ಬಾಯಿಗೆ ದಾಟಿ
ನನಗಿಂತ ಮೊದಲು ಮನೆ ಮುಟ್ಟಿರುತ್ತದೆ.
ಅದೂ ಒಳ್ಳೆಯ ಪಾಸೇ.

ಆಮೇಲೆ ಆಡಿದ್ದು ಹೀಗೆ:
ನಿಸರ್ಗಳಿಂದ ನನಗೆ, ನನ್ನಿಂದ ನಿಸರ್ಗಳಿಗೆ,
ಅಲ್ಲಿಂದ ಎಲ್ಲರ ತಲೆ ಮೇಲೆ ಹಾಯ್ದು ಆ ಮೂಲೆಯ ತೇಜುವಿಗೆ,
ಮತ್ತೆ ವಾಪಸ್ಸು, ಮತ್ತೆ.
ಕಾಂಪೌಂಡಿನ ಮೇಲಿಂದ ಯಾರೋ ಸೀಟಿ ಹೊಡೆದ:
"ಹಾಕ್ರಮ್ಮಿ! ಯಾವ್ ಮುಹೂರ್ತಕ್ ಕಾಯ್ತಿದ್ದೀರಿ?"
ಖಾಲಿ ಕಂಡಲ್ಲಿ ನುಗ್ಗಬಾರದು ಎಂದು
ಕಲಿತದ್ದೇ ಅವತ್ತು.
ಅದು ಖಾಲಿಯಲ್ಲ, ಬಾಗಿಲು ತೆರೆದಿಟ್ಟ ಬೋನು.

ಆಗ ಶಬ್ರೀನ್ ಬಂದು ನಡುವೆ ನಿಂತಳು.
ಐವರ ನಡುವೆ, ಯಾರ ಜಾಗವೂ ಅಲ್ಲದ ಜಾಗದಲ್ಲಿ,
ರಿಂಗಿಗೆ ಬೆನ್ನು ಕೊಟ್ಟು, ಒಂದು ಕೈ ಎತ್ತಿ.
ಇವಳು ನಿನ್ನವಳು ಎಂದು ಮುಂದಿನವಳು,
ಅಲ್ಲ, ನಿನ್ನವಳು ಎಂದು ಹಿಂದಿನವಳು.
ಚೆಂಡು ಅವಳ ಕೈ ಸೇರಿದ್ದೇ ತಡ
ಐದೂ ತಲೆ ಅತ್ತ ತಿರುಗಿ ಬೇಲಿ ಒಳಕ್ಕೆ ಬಾಗಿತು.
ಎಡಮೂಲೆಯಲ್ಲಿ ನಾನಿದ್ದೇನೆ ಎಂಬುದನ್ನು
ಇಡೀ ಊರು ಮರೆತಿತ್ತು.

ಅಷ್ಟು ಒಂಟಿಯಾಗಿ ನಾನೆಂದೂ ನಿಂತಿರಲಿಲ್ಲ.
ಅವಳು ಕೊಟ್ಟ ಚೆಂಡು, ಅದರ ಗೆರೆಗೆ
ಬೆರಳು ಕೂರಿಸಿಕೊಳ್ಳುವಷ್ಟು ಸಮಯ.
ಎಸೆದೆ.
ರಿಂಗಿನ ಹಿಂಬದಿಗೆ ಬಡಿದು ಹೊರಗೆ ಬಿತ್ತು.

ಆದರೆ ಜಾಗ ಕಾಯುವವರಿಗೆ ಆಳಿನ ಲೆಕ್ಕವಿರುವುದಿಲ್ಲ.
ತಂಡದಲ್ಲೇ ಗಿಡ್ಡಿ, ನಮ್ಮ ಮಾದೇವಿ
ಅವರ ಕಂಕುಳಡಿ ನುಸುಳಿ ಹಿಡಿದು ಹಾಕೇಬಿಟ್ಟಳು.
ಸ್ಕೋರು ಪುಸ್ತಕದಲ್ಲಿ ಅದು ಅವಳ ಹೆಸರಿಗೆ. ಇರಲಿ.

ಸೋತೆವು.
ಹದಿನೆಂಟಿದ್ದ ಅಂತರ ಆರಕ್ಕೆ ಇಳಿದಿತ್ತು,
ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಪ್ಪ ಅವತ್ತೇ ಮೊದಲ ಸಲ ಆಟ ನೋಡಲು ಬಂದಿದ್ದು.
ನಾಲೆಯ ನೀರುಗಂಟಿ. ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಂಡು
ಬೇವಿನ ಮರಕ್ಕೆ ಒರಗಿ ನಿಂತಿದ್ದ.
ಟಿವಿಎಸ್ ಹಿಂದೆ ಕೂತೆ. ಸೋತದ್ದರ ಮಾತೆತ್ತಲಿಲ್ಲ,
ಚಡ್ಡಿಯದ್ದೂ.
ಸೇತುವೆ ದಾಟುವಾಗ ಕೇಳಿದ:
"ಆ ನಡುವ್ಕೆ ನಿಂತ್ಕಂಡಿದ್ಲಲ್ಲ, ಯಾರ್ ಮಗ್ಳು ಅವ್ಳು?
ಒಂದ್ ಸಲಾನೂ ಹಾಕ್ಲಿಲ್ಲ."
ಶಬ್ರೀನ್, ಗುತ್ತಲಿನವಳು ಅಂದೆ.
ಪಂಕ್ಚರಿನವನು ತಲೆ ಎತ್ತಿ ನೋಡಿದ.
ಅಪ್ಪ ಗಾಡಿ ನಿಧಾನ ಮಾಡಲಿಲ್ಲ.
"ಅವ್ಳೇ ಕಣವ್ವ ತೂಬು," ಅಂದ,
"ನೀವೆಲ್ಲ ಬರೀ ನೀರು."