ಮಲಗಿಸುವ ಕೆಲಸ

ಯೊನೆಜಾವಾದಲ್ಲಿ ಹಿಮ ಮೊಣಕಾಲಿಗೆ ಬಂದಿದೆ.
ನಿರ್ವಾತದ ಪೆಟ್ಟಿಗೆಯ ಕಿಂಡಿಗೆ ಹಣೆಯಾನಿಸಿ
ತೊಮೊಯೊ ಕಾಯುತ್ತಾಳೆ.
ಒಳಗೆ, ಕಾದ ಮೂಸೆಯಿಂದೆದ್ದ ಅಣುಗಳು
ಸದ್ದಿಲ್ಲದೆ ಗಾಜಿಗೆ ಬಂದು ಕೂಡುತ್ತಿವೆ.

ನಿಂತವೋ, ಬೆಳಕೆಲ್ಲ ಪಕ್ಕಕ್ಕೆ ಸೋರಿ
ಗಾಜಿನಂಚಿನಲ್ಲೇ ಸಾಯುತ್ತದೆ.
ಮಲಗಿದರಷ್ಟೇ ಕಣ್ಣಿನವರೆಗೆ ಬಂದೀತು.

ಗಾಜು ಬೆಚ್ಚಗಿದ್ದರೆ ಮಗ್ಗುಲು ಬದಲಿಸಿ
ಎದ್ದೇ ಬಿಡುತ್ತವೆ, ಹಟಮಾರಿಗಳು.
ಹತ್ತು ಡಿಗ್ರಿ ಇಳಿಸಿದಳು. ಮತ್ತೆ ಹತ್ತು.

ಇದೇ ಊರಿನ ಮಗ್ಗದಲ್ಲಿ ಕೂತಿದ್ದ ಅಜ್ಜಿ
ಮಖಮಲ್ಲಿನ ಮೇಲೆ ಅಂಗೈ ಎಳೆದು ತೋರಿಸುತ್ತಿದ್ದಳು:
ಹೀಗೆ ಸವರಿದರೆ ಹೊಳಪು,
ಹಾಗೆ ಸವರಿದರೆ ಕತ್ತಲು.
ಬಟ್ಟೆ ಅದೇ, ನೋಡು.

ನಸುಕಿನ ನಾಲ್ಕಕ್ಕೆ ಸ್ವಿಚ್ಚೊತ್ತಿದಳು.
ಉಗುರಿನಗಲದ ಹಸಿರು
ನೇರ ಎದ್ದುಬಂದು ಅವಳ ಹಲ್ಲು ಬೆಳಗಿತು.
ತಾನು ನಗುತ್ತಿದ್ದೇನೆಂದು
ಕಿಂಡಿಯ ಗಾಜು ನೋಡಿಯೇ ತಿಳಿದದ್ದು.