ಕೊನೆಯಲ್ಲಿ ಒಂದು ಖಾಲಿ ಜಾಗ

ಸಾಲ್ಮನ್ ಮೀನಿಗೆ ಮೇವು ಹಾಕುವ ತೇಲುಮನೆ ಇದು,
ಅಯ್ಸೆನ್ನಿನ ಕಡಲು ಬೆಟ್ಟದ ಸಂದಿಗೆ ನುಗ್ಗಿ
ದಾರಿ ಮರೆತು ಕೂತ ಕಡೆ.
ಹದಿನಾಲ್ಕು ದಿನ ನೀರಿನ ಮೇಲೆ, ಏಳು ದಿನ ನೆಲದ ಮೇಲೆ,
ಹಾಗಂತ ಕರಾರು. ಬದಲಿ ಆಳು ಬರಲೇ ಇಲ್ಲ.
ಇವತ್ತಿಗೆ ಇಪ್ಪತ್ತಮೂರು.

ಮೊದಲ ರಾತ್ರಿಯೇ ಡಿಶ್ಶನ್ನು ಗಾಳಿ ಹೊತ್ತೊಯ್ದಿತ್ತು.
ಆಮೇಲೆ ಮೊಬೈಲೇ ಗತಿ: ಬ್ರೆಡ್ಡಿನ ಚೀಲದಲ್ಲಿ ಸುತ್ತಿ
ಪೊರಕೆ ಕೋಲಿಗೆ ಕಟ್ಟಿ ಛಾವಣಿಗೆ ನಿಲ್ಲಿಸಿದ್ದೇವೆ.
ಎರಡು ಕಡ್ಡಿ. ಒಮ್ಮೊಮ್ಮೆ ಒಂದು.
ಇದೆ ಅನ್ನುವುದಿಲ್ಲ, ಇಲ್ಲ ಅನ್ನುವುದಿಲ್ಲ,
ಅಡ್ಡಗೋಡೆಯ ಮೇಲಿಟ್ಟ ದೀಪ.

ಎರಾಲ್ಡೊಗೆ ಮ್ಯಾಚು ಬೇಕು.
ಪರದೆಯ ಮೇಲೆ ಆಟಗಾರನೊಬ್ಬ ಕಾಲೆತ್ತಿದ್ದಾನೆ,
ಒಂಬತ್ತು ನಿಮಿಷದಿಂದ ಎತ್ತಿಯೇ ಇದ್ದಾನೆ,
ಅವನೆದೆಯ ಮೇಲೆ ಬಿಳಿ ಸುತ್ತೊಂದು
ಎಣ್ಣೆ ಬಾರದ ಗಾಣದಂತೆ ತಿರುಗುತ್ತದೆ.
ನನಗೆ ಮೇಲ್ ಬೇಕು. ದಿನಕ್ಕೊಂದು ಸತ್ತ ಮೀನಿನ ಲೆಕ್ಕ
ಬರೆದು ಒತ್ತುತ್ತೇನೆ, ಔಟ್‌ಬಾಕ್ಸಿನಲ್ಲಿ
ಒಂದರ ಮೇಲೊಂದು ಕೂರುತ್ತವೆ
ಬಸ್ಸು ಬಾರದ ನಿಲ್ದಾಣದಲ್ಲಿ ಜನ ಕೂತ ಹಾಗೆ.

ವಿಮಾನದ ಚಿತ್ರ ಒತ್ತಿ, ಹತ್ತು ಎಣಿಸಿ, ಬಿಟ್ಟೆವು.
ಸಿಮ್ಮು ತೆಗೆದು ಸ್ವೆಟರಿಗೆ ಒರೆಸಿ, ಊದಿ, ಹಾಕಿದೆವು.
ಎರಾಲ್ಡೊ ಶಿಲುಬೆಯ ಗುರುತೂ ಮಾಡಿದ.
ಅವನ ಫೋನು ಮಾತ್ರ ಕದ್ದುಮುಚ್ಚಿ
ಸಾವಿರದ ನೂರು ಫೋಟೊ ಮೇಲೇರಿಸುತ್ತಿತ್ತು:
ಎಲ್ಲ ಒಂದೇ ಕಡಲಸಿಂಹದ್ದು, ಎಲ್ಲದರಲ್ಲೂ ಅದು ಮಲಗಿದೆ.
ನಿಲ್ಲಿಸು ಅಂದೆ. ಮುಖ ಸಣ್ಣದು ಮಾಡಿಕೊಂಡು ನಿಲ್ಲಿಸಿದ.

ಕೊನೆಗೆ ರೇಡಿಯೋ ಹಿಡಿದು ಬಂದರಿನ ಲುಕ್ರೇಸಿಯಾಳನ್ನು ಕೂಗಿದೆ.
ಅವಳು ಒಂದೊಂದೇ ಅಕ್ಷರ, ಕರಕರ ಸದ್ದಿನ ನಡುವೆ:
ಎಲ್ಲ ಸಣ್ಣಕ್ಷರ. ನಡುವೆ ಚುಕ್ಕೆ. ಓವರ್.
ಕೊನೆಯಲ್ಲಿ ಜಾಗ ಬಿಟ್ಟಿದ್ದೀಯಾ ನೋಡು. ಓವರ್.
ಬಿಟ್ಟಿದ್ದೆ. ಕಣ್ಣಿಗೆ ಕಾಣದ ಒಂದು ಖಾಲಿ ಜಾಗ.
ಅಳಿಸಿದೆ. ಕಾಲೆತ್ತಿದವನು ಒದ್ದೇಬಿಟ್ಟ;
ಚೆಂಡು ಕಂಬದ ಮೇಲಿಂದ ಹೋಯಿತು.
ಇಷ್ಟಕ್ಕಾ ಕಾಯಿಸಿದೆ ಅಂತ ಎರಾಲ್ಡೊ ಅವನ ತಾಯಿಯನ್ನು ಬೈದ.

ಮೇಲ್ ಮಾತ್ರ ಹೊರಡಲಿಲ್ಲ.
ಇಪ್ಪತ್ತೈದನೇ ಬಾಗಿಲನ್ನು ಮೊಬೈಲಿನವರು ಮುಚ್ಚಿರುತ್ತಾರೆ,
ಐನೂರ ಎಂಬತ್ತೇಳನ್ನು ತಟ್ಟು ಅಂದಳು ಲುಕ್ರೇಸಿಯಾ,
ಅಕ್ಕಪಕ್ಕದ ಮನೆಯ ಸುದ್ದಿ ಹೇಳುವವಳಂತೆ.
ಬದಲಿಸಿದೆ. ತಟ್ಟಿದೆ.

ಹೊರಟವು.
ಒಂದು, ಎರಡು, ಐದು, ಲೆಕ್ಕದ ಹಿಂದೆ ಲೆಕ್ಕ.
ಎರಾಲ್ಡೊ ಮಾತೆಯ ಬುರುಡೆ ಎತ್ತಿ ಕುಣಿದ.
ಆಗ ನೆನಪಾಯಿತು, ಹದಿನೈದನೇ ರಾತ್ರಿ
ನಿದ್ದೆ ಬಾರದೆ ಬರೆದದ್ದು.
ಅದೂ ಆ ಸಾಲಿನಲ್ಲೇ ನಿಂತಿತ್ತು, ಮೀನುಗಳ ನಡುವೆ:
ಡಾನ್ ಅಬೆಲೀನೊ ಅವರಿಗೆ, ಕೆಲಸ ಬಿಡುತ್ತಿದ್ದೇನೆ,
ಯಾಕೆ ಅಂತ ಕೇಳಬೇಡಿ, ಆಮೇಲೆ ಎರಡು ಪುಟ ಯಾಕೆ ಅಂತ.
ಛಾವಣಿಗೆ ಓಡಿದೆ, ಪೊರಕೆಯನ್ನೇ ಕಿತ್ತೆ.
ಹನ್ನೊಂದು ನಿಮಿಷ ಒಂದು ಕಾಲನ್ನು ಹಿಡಿದಿಟ್ಟ ಈ ನೆಟ್ಟು
ನನ್ನ ಎರಡು ಪುಟವನ್ನು ಉಸಿರು ಬಿಡುವುದರೊಳಗೆ ನುಂಗಿತ್ತು.

ಕೋಲನ್ನು ಮತ್ತೆ ನಿಲ್ಲಿಸಿ ಕೂತೆ. ಬೇರೇನು ಮಾಡಲಿ.
ಮ್ಯಾಚು ಓಡುತ್ತಿತ್ತು. ಹುಲ್ಲು ಎಷ್ಟು ಹಸಿರಾಗಿತ್ತೆಂದರೆ
ನೆಲದ ಮೇಲೆ ನಡೆಯುವುದು ಹೇಗೆ ಅಂತ ಕಾಲಿಗೆ ನೆನಪಾಯಿತು.

ಅರ್ಧಗಂಟೆಯ ಮೇಲೆ ಉತ್ತರ ಬಂತು, ಒಂದೇ ಸಾಲು:
ಒಂಬತ್ತನೇ ತಾರೀಖು ಸತ್ತದ್ದು
ನಲವತ್ತೋ ನಾನೂರೋ, ಸ್ಪಷ್ಟಪಡಿಸಿ.

ನಾನೂರು ಅಂತ ಬರೆದು ಒತ್ತಿದೆ. ಹೋಯಿತು.
ಆಮೇಲೆ ನನ್ನ ಕಾಗದವನ್ನು ತೆರೆದು
ನಿಧಾನವಾಗಿ ಓದಿದೆ, ಬೇರೆಯವರದ್ದನ್ನು ಓದುವ ಹಾಗೆ.
ಚೆನ್ನಾಗಿಯೇ ಬರೆದಿದ್ದೆ.
ಇನ್ನೊಮ್ಮೆ ಕಳಿಸಬಹುದು ಅನ್ನಿಸಿತು. ಈಗ ದಾರಿ ಗೊತ್ತು.
ದ್ವಿತೀಯಾರ್ಧ ಶುರು ಅಂದ ಎರಾಲ್ಡೊ,
ಸರಿದು ಜಾಗ ಮಾಡಿದ.